ಅರ್ಧ ಹೊಲಿಗೆಯ ಕರಾರು

ಸೂಜಿ ಹಾಸಿಗೆಯಲ್ಲಿ ಕಳೆದುಹೋಗಬಹುದಿತ್ತು. ಕಳೆದದ್ದು ಹುಡುಕಿದಲ್ಲಿ ಸಿಗದೆ, ಮಲಗಿದವಳ ಮೈಗೇ ಸಿಗಬಹುದಿತ್ತು. ತುಕ್ಕು ಹಿಡಿದ ಸೂಜಿಯಾದರೆ ಧನುರ್ವಾಯು. ಹೊತ್ತುಗಟ್ಟಲೆ ಬಗ್ಗಿ ಕೂತು ಮಗಳಿಗೆ ಬೆನ್ನು ಹಿಡಿಯಬಹುದಿತ್ತು, ಅದನ್ನು ಹೆರಿಗೆ ನೋವೆಂದು ತಿಳಿದು ನಾವು ಆಸ್ಪತ್ರೆಗೆ ಓಡಬಹುದಿತ್ತು. ಅದಕ್ಕಿಂತ ಕೆಟ್ಟದ್ದು, ನಿಜವಾದ ಹೆರಿಗೆ ನೋವನ್ನೇ ಬೆನ್ನುನೋವೆಂದು ತಿಳಿದು ಓಡದೆ ಕೂರಬಹುದಿತ್ತು. ಉಪ್ಪಿನಂಗಡಿಯಲ್ಲಿ ಎರಡು ನದಿಗಳೂ ಮಾತಾಡಿಕೊಂಡಂತೆ ಒಟ್ಟಿಗೆ ಏರಿ, ಕಡಬದಿಂದ ಬರಬೇಕಾದ ಅಳಿಯ ಆಚೆಯೇ ಉಳಿಯಬಹುದಿತ್ತು. ಗುತ್ತಿಗಾರಿನ ಚಿಕ್ಕಮ್ಮನ ಜೀಪಿಗೆ ಆನೆ ಅಡ್ಡ ನಿಲ್ಲಬಹುದಿತ್ತು. ಡಾಕ್ಟರಮ್ಮನಿಗೇ ಅದೇ ದಿನ ಜ್ವರ ಬರಬಹುದಿತ್ತು. ಕರೆಂಟು ಹೋಗಿ, ಜನರೇಟರು ಕೆಮ್ಮಿ, ಸುಮ್ಮನಾಗಬಹುದಿತ್ತು. ಮತ್ತೆ, ಬಾಯಿ ಬಿಟ್ಟು ಹೇಳಬಾರದು, ಮೊದಲ ಸಲ ಆದದ್ದೇ ಇನ್ನೊಮ್ಮೆ ಆಗಬಹುದಿತ್ತು.

ಇವುಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ಈಗಲೇ ಹೇಳುವುದಿಲ್ಲ. ನಾನೊಬ್ಬನೇ ಎಷ್ಟೆಂದು ಹೆದರಲಿ? ನೀವೂ ಸ್ವಲ್ಪ ಹೊತ್ತು ನನ್ನ ಪಕ್ಕ ಕೂತು ಹೆದರಬೇಕು.

ಪುತ್ತೂರಿನಲ್ಲಿ ನಾನೊಬ್ಬ ವಿಮೆ ಏಜೆಂಟ್. ಆಗಬಾರದ್ದನ್ನೆಲ್ಲ ಮೊದಲೇ ಊಹಿಸಿ, ಅದನ್ನು ಸಭ್ಯ ಭಾಷೆಯಲ್ಲಿ ಇನ್ನೊಬ್ಬರಿಗೆ ದಾಟಿಸುವುದು ನನ್ನ ಕಸುಬು. ಹೊಸ ಮನೆಯ ಒಕ್ಕಲಿಗೆ ಹೋದರೆ ಉಳಿದವರು ಪಾಯಸದ ಕಡೆ ನೋಡುತ್ತಾರೆ, ನನ್ನ ಕಣ್ಣು ಬೆಂಕಿ ಎಲ್ಲಿಂದ ಹತ್ತಬಹುದು ಎಂದು ವೈರಿಂಗಿನ ಕಡೆ ಹೋಗುತ್ತದೆ. ಕಸುಬಿನಿಂದ ಈ ಸ್ವಭಾವ ಬಂತೋ, ಈ ಸ್ವಭಾವ ನೋಡಿ ಕಸುಬು ನನ್ನನ್ನು ಹುಡುಕಿಕೊಂಡು ಬಂತೋ ಗೊತ್ತಿಲ್ಲ. ನನ್ನ ಹೆಂಡತಿ ವಸಂತಿಯ ಅಭಿಪ್ರಾಯ ಬೇರೆ. "ಇವರು ಹುಟ್ಟುವಾಗ ಅತ್ತದ್ದು ಹಸಿವಿನಿಂದ ಅಲ್ಲ, ಹೊರಗೆ ಎಂತ ಉಂಟೋ ಎಂತ ಇಲ್ಲವೋ ಅಂತ ಹೆದರಿ," ಎನ್ನುತ್ತಾಳೆ.

ಅಂಥ ನನ್ನ ಮನೆಗೆ ನಮ್ಮ ಒಬ್ಬಳೇ ಮಗಳು ಚೈತ್ರಾ ಹೆರಿಗೆಗೆ ಬಂದಳು. ಬಂದಳು ಎನ್ನುವುದಕ್ಕಿಂತ ಡಾಕ್ಟರಮ್ಮ ಕಳಿಸಿದರು ಎನ್ನಬೇಕು. ಕಡಬದ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವವಳು, ನಿಂತರೆ ಕೂರುವ ಜಾತಿಯಲ್ಲ. ಮೊದಲ ಬಸಿರು ನಿಲ್ಲಲಿಲ್ಲ. ಆಗ ಪಕ್ಕದ ಮನೆಯವರು ಪ್ರೀತಿಯಿಂದ ಮುಂಚಿತವಾಗಿಯೇ ತಂದುಕೊಟ್ಟ ಒಂದು ಜೊತೆ ಪುಟ್ಟ ಕಾಲುಚೀಲ ಈಗಲೂ ನಮ್ಮ ಕಪಾಟಿನ ಒಳಗಿದೆ. ಯಾರೂ ಅದನ್ನು ತೆಗೆದವರಿಲ್ಲ, ಎಸೆದವರಿಲ್ಲ, ಅದರ ಮಾತೆತ್ತಿದವರಿಲ್ಲ. ಆದ್ದರಿಂದ ಈ ಸಲ ಡಾಕ್ಟರಮ್ಮ ಕಟ್ಟುನಿಟ್ಟು: ಮಲಗಬೇಕು, ಎಡಮಗ್ಗುಲಲ್ಲಿ ಮಲಗಬೇಕು, ಮಲಗಿಕೊಂಡು ಮೊಬೈಲಿನಲ್ಲಿ ರೋಗಲಕ್ಷಣ ಹುಡುಕಬಾರದು. ಕೊನೆಯ ಮಾತು ಹೇಳುವಾಗ ಅವರು ಮಗಳನ್ನು ಬಿಟ್ಟು ನನ್ನ ಮುಖ ನೋಡಿದ್ದು ಯಾಕೆಂದು ಮೊದಲಿಗೆ ತಿಳಿಯಲಿಲ್ಲ.

ಮೊಬೈಲು ಕಿತ್ತುಕೊಂಡ ಮೇಲೆ ಚೈತ್ರಾ ಅಮ್ಮನ ಹಳೆಯ ಟ್ರಂಕಿನಿಂದ ಮ್ಯಾಟಿ ಬಟ್ಟೆ ತೆಗೆಸಿದಳು. ಚಾಪೆಯ ಹಾಗೆ ಸಮವಾಗಿ ನೇದು, ಲೆಕ್ಕ ಹಿಡಿಯಲು ತೂತು ತೂತಾಗಿರುವ ದಪ್ಪ ಬಟ್ಟೆ ಅದು. ಕ್ರಾಸ್ ಸ್ಟಿಚ್ ಮಾಡಲಿಕ್ಕೆ ಅದೇ ಬೇಕು. ಒಂದು ತೂತಿನಿಂದ ಎದ್ದ ನೂಲು ಓರೆಯಾಗಿ ಇನ್ನೊಂದರಲ್ಲಿ ಇಳಿಯಬೇಕು. ಅದರ ಮೇಲೆ ಎದುರು ದಿಕ್ಕಿನಿಂದ ಇನ್ನೊಂದು ಓರೆ. ಗುಣಾಕಾರದ ಚಿಹ್ನೆಯಂಥ ಒಂದು ಹೊಲಿಗೆ. ಅಷ್ಟೇ ವಿದ್ಯೆ. ಉಳಿದದ್ದು ಎಣಿಸುವುದು.

ನಾನು ಅವಳ ಕೋಣೆಯಲ್ಲಿ ಅತ್ತಿತ್ತ ನಡೆಯುತ್ತಿದ್ದೆ. ಕಿಟಕಿ ಹಾಕುವುದು, ತೆಗೆಯುವುದು, ನೀರು ಕುಡಿದೆಯಾ ಎಂದು ಕೇಳುವುದು, ಕುಡಿದೆ ಎಂದರೆ ಜಾಸ್ತಿ ಆಯಿತೋ ಎಂದು ಕೇಳುವುದು.

"ಅಪ್ಪ, ನಿಮ್ಮನ್ನು ನೋಡಿಯೇ ನಂಗೆ ಬಿ.ಪಿ. ಏರ್ತದೆ. ಇಕೊಳ್ಳಿ, ಇದರ ಮೂಲೆ ಒಂದು ಹೊಲಿರಿ."

"ನಾನಾ?"

"ಹೌದು ನೀವೇ. ಎಣಿಸುವಾಗ ಹೆದರ್ಲಿಕ್ಕೆ ಪುರುಸೊತ್ತು ಸಿಗುದಿಲ್ಲ. ಮಾಡಿ ನೋಡಿ."

ಮಾಡಿ ನೋಡಿದೆ. ಮೊದಲ ಸಾಲಿಗೆ ಬೆರಳಿಗೆ ಚುಚ್ಚಿತು, ಎರಡನೆಯದಕ್ಕೆ ಲೆಕ್ಕ ತಪ್ಪಿತು, ಮೂರನೆಯದು ಮುಗಿಯುವಾಗ ಒಂದು ವಿಚಿತ್ರ ಗಮನಕ್ಕೆ ಬಂತು: ಹೊರಗೆ ಗುಡುಗಿತ್ತು, ಫ್ರಿಜ್ಜಿನ ಪ್ಲಗ್ಗು ತೆಗೆಯಲು ನಾನು ಓಡಿರಲಿಲ್ಲ. ಗುಡುಗು ನನಗೆ ಕೇಳಿಸಿಯೇ ಇರಲಿಲ್ಲ. ಐವತ್ತು ದಾಟಿದ ಮೇಲೆ ಮನುಷ್ಯನಿಗೆ ಹೊಸ ಚಟ ಹಿಡಿಯುವುದಿಲ್ಲ ಎಂಬುದು ಸುಳ್ಳು. ಮರುದಿನ ಪೇಟೆಯ ಫ್ಯಾನ್ಸಿ ಅಂಗಡಿಯಲ್ಲಿ ನೂಲಿನ ಬಣ್ಣ ಆರಿಸುತ್ತ ನಿಂತಿದ್ದೆ.

"ಮೇಡಮಿಗಾ ಸಾರ್?" ಎಂದರು ಅಂಗಡಿಯವರು.

"ಹೌದು, ಮೇಡಮಿಗೆ," ಎಂದೆ. ಆಮೇಲೆ ತಿಳಿಹಸಿರಿನ ಎರಡು ಛಾಯೆಗಳನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಇದಲ್ಲ ಅದು ಎಂದು ಹೇಳುವಷ್ಟರಲ್ಲಿ ಅವರಿಗೆ ಎಲ್ಲ ಗೊತ್ತಾಗಿತ್ತು. "ಮೇಡಮಿಗೆ ಸೂಜಿ ಬೇಡ್ವಾ ಸಾರ್? ಮೊಂಡು ತುದಿಯದ್ದು ಉಂಟು. ಹೊಸಬರಿಗೆ ಅದು ಒಳ್ಳೆದು, ಬೆರಳು ಉಳೀತದೆ," ಎಂದು ನನ್ನ ಬೆರಳಿನ ಪಟ್ಟಿ ನೋಡಿ ನಕ್ಕರು.

ಯಾವುದೇ ವಿಷಯ ಹಿಡಿದರೂ ಅದರ ಹಿಂದುಮುಂದು ಓದದೆ ನನಗೆ ನೆಮ್ಮದಿಯಿಲ್ಲ. ಎಲ್ಲಿ ಅಪಾಯ ಅಡಗಿದೆಯೋ ಎಂಬ ಶಂಕೆ. ಓದಿದರೆ, ಈ ಹೊಲಿಗೆಯ ಚರಿತ್ರೆಯಲ್ಲಿ ನನ್ನಂಥವರೇ ತುಂಬಿದ್ದಾರೆ. ಯುರೋಪಿನ ಪೂರ್ವಭಾಗದ ಹಳ್ಳಿಗಳಲ್ಲಿ ಹೆಂಗಸರು ಅಂಗಿಯ ಕತ್ತಿನ ಪಟ್ಟಿಗೆ, ತೋಳಿನ ತುದಿಗೆ, ಕೆಳಗಿನ ಅಂಚಿಗೆ ಸಾಲುಸಾಲಾಗಿ ಇದನ್ನು ಹಾಕುತ್ತಿದ್ದರಂತೆ. ಚಂದಕ್ಕೆ ಹೌದು, ಅದಕ್ಕಿಂತ ಹೆಚ್ಚಾಗಿ ಕಾವಲಿಗೆ. ಕೆಟ್ಟ ದೃಷ್ಟಿ, ಕೆಟ್ಟ ಗಾಳಿಗಳು ಮೈಯೊಳಗೆ ನುಗ್ಗುವುದು ಬಟ್ಟೆ ಬಾಯಿ ತೆರೆದ ಕಡೆಯಿಂದಲ್ಲವೇ? ಪುತ್ತೂರಿನ ಸೊಳ್ಳೆಗಳೂ ಅದೇ ದಾರಿ ಹಿಡಿಯುವುದರಿಂದ ನನಗೆ ಈ ತರ್ಕದಲ್ಲಿ ದೋಷವೇನೂ ಕಾಣಲಿಲ್ಲ. ನಮ್ಮ ಧಾರವಾಡದ ಕಡೆಯ ಕಸೂತಿಯಲ್ಲಿಯೂ ಇದೇ ಹೊಲಿಗೆಯಿದೆ. ಮೆಂತ್ಯದ ಕಾಳು ಚೆಲ್ಲಿದ ಹಾಗೆ ಕಾಣುತ್ತದೆಂದು ಅದಕ್ಕೆ ಮೆಂತೆ ಎಂದೇ ಹೆಸರು. ಎಲ್ಲಿಯ ಯುರೋಪು, ಎಲ್ಲಿಯ ಇಳಕಲ್ ಸೀರೆಯ ಸೆರಗು! ಒಬ್ಬರಿಗೊಬ್ಬರು ಹೇಳಿಕೊಡದೆಯೂ ಮನುಷ್ಯರು ಎಲ್ಲ ಕಡೆ ಒಂದು ಓರೆಗೆರೆಯ ಮೇಲೆ ಇನ್ನೊಂದನ್ನು ಎಳೆದು ಸಮಾಧಾನ ಪಟ್ಟಿದ್ದಾರೆ.

ನಮ್ಮ ಕರಾವಳಿಗೆ ಅದು ಬಂದದ್ದು ಹೆಚ್ಚಾಗಿ ಹುಡುಗಿಯರ ಶಾಲೆಗಳ ಮೂಲಕ. ಚೌಕದ ಹಾಳೆಯ ಮೇಲೆ ಬಣ್ಣ ತುಂಬಿದ ನಕ್ಷೆಗಳು ಹಡಗಿನಲ್ಲಿ ಬಂದವು, ಅವುಗಳ ಜೊತೆಗೆ ನಮ್ಮಲ್ಲಿ ಯಾರೂ ಕಂಡಿರದ ಹೂವುಗಳು, ಯಾರ ಮನೆಯಲ್ಲೂ ಇಲ್ಲದ ನಾಯಿಗಳು, ಹಿಮದಲ್ಲಿ ನಿಂತ ಗುಡಿಸಲುಗಳು ಬಂದವು. ವಸಂತಿಯ ಪ್ರಾಯದ ಹುಡುಗಿಯರು ಸೆಕೆಯಲ್ಲಿ ಬೆವರುತ್ತ ಹಿಮ ಹೊಲಿದರು. ಟಿ.ವಿ. ಬಂದಾಗ ಅದಕ್ಕೊಂದು ಹೊದಿಕೆ ಹೊಲಿದರು, ಟಿ.ವಿ. ಗೋಡೆಗಂಟಿಕೊಂಡು ತೆಳ್ಳಗಾದ ಮೇಲೆ ಅದೇ ಹೊದಿಕೆ ಮಿಕ್ಸಿಯ ಮೇಲೆ ಬಂತು. ನಾನು ಹೆಣ್ಣು ನೋಡಲು ಹೋದಾಗ ಚಾವಡಿಯಲ್ಲಿ ಗಾಜಿನ ಚೌಕಟ್ಟಿನೊಳಗೆ ಒಂದು ಜೋಡಿ ಗಿಳಿ ತೂಗುತ್ತಿತ್ತು. "ಹುಡುಗಿಯೇ ಮಾಡಿದ್ದು," ಎಂದರು. ಗಿಳಿಗಳು ಚೆನ್ನಾಗಿದ್ದವು. ಆದರೆ ನಾನು ನೋಡುತ್ತಿದ್ದದ್ದು ಆ ಚೌಕಟ್ಟು ಒಂದೇ ಮೊಳೆಯ ಮೇಲೆ ನಿಂತಿದೆ, ಕೆಳಗೆ ನನ್ನ ಭಾವೀ ಮಾವನ ಬೋಳುತಲೆ ಇದೆ ಎಂಬುದನ್ನು. ನಾನು ಅಷ್ಟು ಹೊತ್ತು ಕಣ್ಣು ಕೀಳದೆ ನೋಡಿದ್ದರಿಂದ ಹುಡುಗ ಕಲಾರಸಿಕ ಎಂದು ತೀರ್ಮಾನವಾಗಿ ಮದುವೆ ನಿಶ್ಚಯವಾಯಿತು.

ಹೀಗೆ ನಾನೂ ಚೈತ್ರಾನೂ ಎದುರುಬದುರು ಕೂತು ಹೊಲಿಯುತ್ತಿದ್ದೆವು. ದಿಂಬಿನ ಚೀಲ ಮುಗಿಯಿತು, ಮೇಜಿನ ಹಾಸು ಮುಗಿಯಿತು. ಒಂದು ದಿನ ಅವಳು ಸಣ್ಣ ಚೌಕಳಿಯ ಮೆತ್ತಗಿನ ಹತ್ತಿಬಟ್ಟೆಯೊಂದನ್ನು ಮಡಿಲಲ್ಲಿ ಹಾಸಿ, ಅಂಗೈಯಿಂದ ಸವರಿದಳು. ಮಗುವನ್ನು ಸುತ್ತುವಷ್ಟು ದೊಡ್ಡದಿತ್ತು. ಅಂಚಿಗೆ ಆಗಲೇ ಆನೆಗಳ ಸಾಲು ಹಾಕತೊಡಗಿದ್ದಳು. ನನ್ನ ಸೂಜಿ ಅರ್ಧದಲ್ಲೇ ನಿಂತಿತು. ಯಾಕೆಂದರೆ ನಮ್ಮಲ್ಲಿ ಹುಟ್ಟುವ ಮೊದಲು ಮಗುವಿಗೆ ಒಂದು ನೂಲೂ ಹೊಸದಾಗಿ ಮಾಡಿಡುವುದಿಲ್ಲ. ಹುಟ್ಟಿದ ಮೇಲೂ ಮೊದಲಿಗೆ ಹಳೆಯ ಸೀರೆಯ ತುಂಡೇ. ವಿಜ್ಞಾನದ ಟೀಚರಿಗೆ ಇದನ್ನು ಹೇಳುವುದು ಹೇಗೆ? ಅವಳು ನಂಬುವುದಿಲ್ಲ. ನಾನೂ ನಂಬುವುದಿಲ್ಲ. ಆದರೆ ನಂಬದಿರುವುದಕ್ಕೂ ಹೆದರದಿರುವುದಕ್ಕೂ ಏನು ಸಂಬಂಧ?

ಅಷ್ಟರಲ್ಲಿ ಗುತ್ತಿಗಾರಿನ ಚಿಕ್ಕಮ್ಮ ಬಂದರು. ನನ್ನ ಅಪ್ಪನ ತಮ್ಮನ ಹೆಂಡತಿ. ಕುಟುಂಬದ ಯಾವ ಹೆರಿಗೆಯನ್ನೂ ಅವರನ್ನು ಬಿಟ್ಟು ಮಾಡುವ ಧೈರ್ಯ ಯಾರಿಗೂ ಇಲ್ಲ. ನನ್ನ ಕಡೆಯವರದ್ದು ಗುತ್ತಿಗಾರು ಸೀಮೆಯ ಅರೆಭಾಷೆ, ವಸಂತಿಯ ಕಡೆ ತುಳು. ಜಗಳದಲ್ಲಿ ಯಾರಿಗೂ ಅನುಕೂಲ ಆಗಬಾರದೆಂದು ನಮ್ಮ ಮನೆಯಲ್ಲಿ ಕನ್ನಡ. ಚಿಕ್ಕಮ್ಮನೂ ಇಲ್ಲಿ ಕನ್ನಡವೇ ಆಡುತ್ತಾರೆ. ಸಿಟ್ಟು ಬಂದಾಗ ಮಾತ್ರ ಅವರ "ಬೇಡ" "ಬೊತ್ತು" ಆಗುತ್ತದೆ.

ಅವರು ಚಪ್ಪಲಿ ಕಳಚಿ ಒಳಗೆ ಬಂದು, ಮಗಳ ಹಣೆ ಮುಟ್ಟಿ, ಮಡಿಲ ಬಟ್ಟೆ ನೋಡಿ ಅಲ್ಲಿಯೇ ನಿಂತರು.

"ಇದೆಂತದು?"

"ಬಟ್ಟೆ ಅಜ್ಜಿ. ಪಾಪುಗೆ."

"ಬೊತ್ತು! ಬೊತ್ತು ಹೇಳಿದ್ರೆ ಬೊತ್ತು. ಹುಟ್ಟುವ ಮೊದಲು ಹೊಲಿಲಿಕ್ಕಿಲ್ಲ. ಅದೂ ಆನೆಯಾ? ತೋಟಕ್ಕೆ ಬಂದು ಬಾಳೆ ಬುಡ ಸಮೇತ ತೆಗ್ದದ್ದು ಸಾಲ್ದಾ, ತೊಟ್ಟಿಲಿಗೂ ಕರೀಬೇಕಾ ಅದನ್ನು?"

ಚೈತ್ರಾ ನಗಲಿಲ್ಲ. ಬಟ್ಟೆಯನ್ನು ಮುದ್ದೆ ಮಾಡಿ ಹಿಡಿದುಕೊಂಡಳು. "ಹೋದ ಸಲ ನಾನು ಎಂತದೂ ಹೊಲಿಲಿಲ್ಲ ಅಜ್ಜಿ," ಎಂದಳು. "ಎಂತದೂ ಮಾಡ್ಲಿಲ್ಲ. ಆದ್ರೂ..."

ಚಿಕ್ಕಮ್ಮ ಹಾಸಿಗೆಯ ತುದಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಆಗ ನನ್ನೊಳಗಿನ ವಿಮೆ ಏಜೆಂಟ್ ಎಚ್ಚರಾದ. ಕರಾರಿನ ಸಣ್ಣ ಅಕ್ಷರಗಳನ್ನು ಓದುತ್ತಲೇ ಕೂದಲು ಬೆಳ್ಳಗಾದವನು ನಾನು. ಕೇಳಿದೆ: "ಚಿಕ್ಕಮ್ಮ, ಒಂದು ಹೊಲಿಗೆ ಅರ್ಧ ಹಾಕಿದ್ರೆ ಅದು ಹೊಲಿಗೆಯಾ?"

"ಎಂತ?"

ತೋರಿಸಿದೆ. ಈ ಕೆಲಸದಲ್ಲಿ ಸಾಲಿಡೀ ಮೊದಲು ಒಂದೇ ಕಡೆಗೆ ಓರೆ ಹಾಕುತ್ತ ಹೋಗಬಹುದು. ಮರಳಿ ಬರುವಾಗ ಅವುಗಳ ಮೇಲೆ ಎದುರಿನ ಓರೆ. ಮರಳಿ ಬರದಿದ್ದರೆ ಅದು ಬರೀ ಗೆರೆ, ಹೊಲಿಗೆ ಅಲ್ಲ. ಹೆರಿಗೆಯಾಗುವ ತನಕ ನಾವು ಮರಳಿ ಬರುವುದಿಲ್ಲ. ಹಾಗಾಗಿ ಹೊಲಿದಂತೆ ಆಗುವುದಿಲ್ಲ. ಹೊಲಿಯದಿದ್ದಂತೆಯೂ ಆಗುವುದಿಲ್ಲ.

ಚಿಕ್ಕಮ್ಮ ಬಟ್ಟೆ ಎತ್ತಿ ಮಗುಚಿ ನೋಡಿದರು. "ಗಂಟು ಎಲ್ಲಿ?"

"ಇದರಲ್ಲಿ ಗಂಟು ಹಾಕ್ಲಿಕ್ಕಿಲ್ಲ ಅಜ್ಜಿ. ನೂಲಿನ ತುದಿ ಹೊಲಿಗೆ ಅಡಿಯಲ್ಲೇ ಸಿಕ್ಕಿಸುದು," ಎಂದಳು ಚೈತ್ರಾ.

ಹೆರುವ ಮನೆಯಲ್ಲಿ ಗಂಟು ಇರಬಾರದೆಂಬುದು ಚಿಕ್ಕಮ್ಮನ ದೊಡ್ಡ ನೇಮ. ಗಂಟಿದ್ದಲ್ಲಿ ಕೂಸಿಗೂ ದಾರಿ ಬಿಗಿಯುತ್ತದಂತೆ. ಗಂಟಿಲ್ಲದ ಕೆಲಸ ಎಂದದ್ದೇ ಅವರ ಮುಖ ಸ್ವಲ್ಪ ಸಡಿಲವಾಯಿತು. "ಗೆರೆ ಬೇಕಾದ್ರೆ ಎಳ್ಕೊಳ್ಳಿ," ಎಂದರು. "ಮೇಲಿಂದ ಒಂದು ನೂಲು ದಾಟಿದ್ರೆ ನಾನು ಗುತ್ತಿಗಾರಿಗೆ ವಾಪಸು. ಮತ್ತೆ ಆನೆ ಬೊತ್ತು. ಬಾತುಕೋಳಿ ಹಾಕಿ."

ಆನೆಗಳನ್ನು ಬಿಚ್ಚಿದೆವು. ಬಾತುಕೋಳಿಗಳು ಓರೆಗೆರೆಗಳಲ್ಲಿ, ಜಡಿಮಳೆಯ ಆಚೆ ನಿಂತವರ ಹಾಗೆ, ಇದ್ದೂ ಇಲ್ಲದಂತೆ ಮೂಡತೊಡಗಿದವು. ಅರ್ಧ ಹೊಲಿಗೆಗೊಂದು ಗುಣವಿದೆ: ಎಳೆದರೆ ಸಲೀಸಾಗಿ ಬಂದುಬಿಡುತ್ತದೆ. ಪೂರ್ತಿಯಾದದ್ದನ್ನು ಬಿಚ್ಚಬೇಕಾದರೆ ಕತ್ತರಿ ಬೇಕು, ಬಟ್ಟೆಗೆ ಗಾಯವಾಗುತ್ತದೆ. ಬಹುಶಃ ಹಿರಿಯರ ನೇಮದ ಒಳಗೂ ಇಷ್ಟೇ ಇದ್ದಿರಬೇಕು. ದೇವರಿಗೆ ಸಿಟ್ಟು ಬರುತ್ತದೆಂದಲ್ಲ, ಬಿಚ್ಚಬೇಕಾಗಿ ಬಂದರೆ ಎಂಬ ಭಯ.

ಆ ಭಯ ಒಂದು ಮಧ್ಯಾಹ್ನ ಬಂದು ನಮ್ಮ ನಡುವೆಯೇ ಕೂತಿತು. ಚೈತ್ರಾ ಸೂಜಿಯನ್ನು ಗಾಳಿಯಲ್ಲೇ ನಿಲ್ಲಿಸಿ, "ಅಪ್ಪ, ಬೆಳಿಗ್ಗೆಯಿಂದ ಅಲುಗಾಡಿದ ಹಾಗೆ ಇಲ್ಲ," ಎಂದಳು. ಅವಳ ದನಿ ಎಷ್ಟು ಸಣ್ಣದಿತ್ತೆಂದರೆ ನನಗೆ ಅವಳು ಒಂದನೇ ಕ್ಲಾಸಿನ ಮಗುವಾಗಿ ಕಂಡಳು. ನಾನು ಕಾರಿನ ಕೀಲಿ ಹಿಡಿದು ನಿಂತೆ. ವಸಂತಿ ಡಾಕ್ಟರಮ್ಮನಿಗೆ ಫೋನು ಮಾಡಿದಳು. ಸಿಹಿ ಏನಾದರೂ ಕುಡಿಯಲಿ, ಎಡಕ್ಕೆ ಮಲಗಲಿ, ಸ್ವಲ್ಪ ಹೊತ್ತು ನೋಡಿ, ಇಲ್ಲದಿದ್ದರೆ ತಕ್ಷಣ ಕರೆತನ್ನಿ ಎಂದರು.

ಸ್ವಲ್ಪ ಹೊತ್ತು ಎಂದರೆ ಎಷ್ಟು? ಡಾಕ್ಟರುಗಳು ಇದನ್ನು ಹೇಳುವುದಿಲ್ಲ. ಚೈತ್ರಾ ಬೆಲ್ಲದ ನೀರು ಕುಡಿದು ಮಲಗಿದಳು. "ನೀವು ಆ ಸಾಲು ಹಾಕಿ ಅಪ್ಪ. ಸಾಲು ಮುಗಿಯುವಷ್ಟು ಹೊತ್ತು ನೋಡುವ." ನಾನು ಹಾಕಿದೆ. ಹೆದರುವವನ ಕೈ ಇಷ್ಟು ನಿಧಾನವಾಗಿ ನಡೆದದ್ದು ಅದೇ ಮೊದಲು. ಸಾಲು ಮುಗಿದರೆ ಎದ್ದು ಹೊರಡಬೇಕು, ಹೊರಟರೆ ಏನಾದರೊಂದು ಗೊತ್ತಾಗಿಯೇ ಬಿಡುತ್ತದೆ. ಬಾತುಕೋಳಿಯ ಬೆನ್ನು ಆಯಿತು, ಕುತ್ತಿಗೆ ಆಯಿತು. ಚಿಕ್ಕಮ್ಮ ಬಾಗಿಲಲ್ಲಿ ನಿಂತು ತುಟಿ ಅಲುಗಿಸುತ್ತಿದ್ದರು. ವಸಂತಿ ಮಗಳ ಪಾದ ಹಿಡಿದು ಕೂತಿದ್ದಳು. ಸಾಲಿನ ಕೊನೆಯ ಚೌಕ ಕಣ್ಣೆದುರಿಗಿತ್ತು.

"ಹಾಂ," ಎಂದಳು ಚೈತ್ರಾ. ಮತ್ತೆ, "ಹಾಂ, ಹಾಂ! ಒದ್ದಿತು. ಅಮ್ಮ, ಇಲ್ಲಿ ಕೈ ಇಡು."

ವಸಂತಿ ಅತ್ತಳು, ಚಿಕ್ಕಮ್ಮ ಬೈದರು. ಯಾರಿಗೆ ಬೈದರೆಂದು ಯಾರಿಗೂ ತಿಳಿಯಲಿಲ್ಲ. ನನಗೇ ಇರಬೇಕೆಂದು ನಾನು ಸ್ವೀಕರಿಸಿದೆ.

ಹೆರಿಗೆ ನೋವು ಬಂದದ್ದು ಒಂದು ಬೆಳಿಗ್ಗೆ, ತಿಂಡಿಯ ಹೊತ್ತಿಗೆ. ನಾನು ಎಷ್ಟೋ ವಾರಗಳಿಂದ ಮನಸ್ಸಿನಲ್ಲಿ ತಾಲೀಮು ಮಾಡಿದ್ದೆಲ್ಲ ಆ ಗಳಿಗೆಯಲ್ಲಿ ಮರೆತುಹೋಗಿ, ಕಾರಿನ ಕೀಲಿ ಕೈಯಲ್ಲೇ ಹಿಡಿದು ಕೀಲಿ ಹುಡುಕಿದೆ. ಚಿಕ್ಕಮ್ಮ ಹೊರಡುವ ಮೊದಲು ವಸಂತಿಯ ತುರುಬು ಬಿಚ್ಚಿಸಿದರು, ಅಕ್ಕಿ ಚೀಲದ ಬಾಯಿ ಬಿಚ್ಚಿದರು, ಆಸ್ಪತ್ರೆಗೆ ಕೊಂಡುಹೋಗುವ ಚೀಲದ ಗಂಟೂ ಬಿಚ್ಚಿದ್ದರಿಂದ ಅದರೊಳಗಿನ ಸಾಮಾನು ಮೆಟ್ಟಿಲಿನುದ್ದಕ್ಕೂ ಬಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಆ ಬಟ್ಟೆಯನ್ನು ಮಡಿಲಲ್ಲಿ ಹಿಡಿದುಕೊಂಡಿದ್ದೆ. ಸೂಜಿಗೆ ನೂಲು ಪೋಣಿಸಿಟ್ಟುಕೊಂಡಿದ್ದೆ, ಮುಟ್ಟಿರಲಿಲ್ಲ. ಆಚೆ ಬದಿಯ ಬಾಗಿಲು ತೆರೆದಾಗಲೆಲ್ಲ ಬೆಂಚಿನಿಂದ ಅರ್ಧ ಏಳುತ್ತಿದ್ದೆ, ಮುಚ್ಚಿದಾಗ ಮತ್ತೆ ಕೂರುತ್ತಿದ್ದೆ. ಒಳಗಿನಿಂದ ಯಾರೋ ಕೂಗಿದರು. ನನ್ನ ಮಗಳೋ, ಬೇರೆ ಯಾರ ಮಗಳೋ. ಬೇರೆಯವರ ಮಗಳಾಗಿರಲಿ ಎಂದು ಆಶಿಸಿ, ಕೂಡಲೇ ಆ ಆಶೆಗೆ ಹೆದರಿ, ಯಾರ ಮಗಳೂ ಆಗದಿರಲಿ ಎಂದು ತಿದ್ದಿಕೊಂಡೆ. ಅಳಿಯ ಉಪ್ಪಿನಂಗಡಿ ದಾಟಿದೆನೆಂದು ಫೋನು ಮಾಡಿದ. ನದಿ ಎಷ್ಟಿದೆ ಎಂದು ಕೇಳಿದೆ. "ನದಿ ನದಿಯಲ್ಲೇ ಉಂಟು ಮಾವ," ಎಂದ.

ಆಮೇಲೆ ಒಂದು ಅಳು ಕೇಳಿತು. ಕೀಚಲು, ಸಿಟ್ಟಿನದು. ನರ್ಸಮ್ಮ ತಲೆ ಹೊರಗೆ ಹಾಕಿ, "ಹೆಣ್ಣು. ಇಬ್ಬರೂ ಚೆನ್ನಾಗಿದ್ದಾರೆ. ಒರೆಸಿ ತರ್ತೇವೆ," ಎಂದರು.

ವಸಂತಿ ಚಿಕ್ಕಮ್ಮನನ್ನು ಅಪ್ಪಿಕೊಂಡಳು. ನಾನು ಯಾರನ್ನೂ ಅಪ್ಪಲಿಲ್ಲ, ನನಗೆ ಕೆಲಸವಿತ್ತು. ಚಿಕ್ಕಮ್ಮನ ಮುಖ ನೋಡಿದೆ. ಅವರು ಕಣ್ಣೊರೆಸಿಕೊಳ್ಳುತ್ತ, "ಇನ್ನೆಂತ ನೋಡುದು? ದಾಟಿಸು ಮಾರಾಯ, ದಾಟಿಸು!" ಎಂದರು.

ದಾಟಿಸಿದೆ. ಕನ್ನಡಕ ಮಂಜಾಗಿತ್ತು, ಚೌಕಗಳು ಒಂದರಮೇಲೊಂದು ಈಜುತ್ತಿದ್ದವು. ಆದರೂ ಸೂಜಿ ಓಡಿತು. ಗೆರೆಯ ಮೇಲೆ ಗೆರೆ ಬಿದ್ದಲ್ಲಿ ಬಣ್ಣ ತುಂಬಿ ಮೊದಲ ಬಾತುಕೋಳಿ ಮಳೆಯಿಂದ ಹೊರಗೆ ಬಂತು. ಎರಡನೆಯದಕ್ಕೂ ಕಣ್ಣು ಬಂತು. ಬಟ್ಟೆ ಯಾಕೋ ಮೊದಲಿಗಿಂತ ದಪ್ಪ ಅನ್ನಿಸಿತು. ನನ್ನ ಬೆರಳಿನ ಬಲ ಕುಗ್ಗಿದೆ ಎಂದುಕೊಂಡು ಇನ್ನಷ್ಟು ಒತ್ತಿ ಹೊಲಿದೆ.

ನರ್ಸಮ್ಮ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಗಂಟುಮುಖವನ್ನು ಎತ್ತಿಕೊಂಡು ಬಂದರು. "ಯಾರು ಹಿಡ್ಕೊಳ್ಳುದು?"

"ಏಳಿ, ಆ ಬಟ್ಟೆ ಹೀಗೆ ಕೊಡಿ," ಎಂದಳು ವಸಂತಿ.

ಎದ್ದೆ. ಬಟ್ಟೆ ಕೊಟ್ಟೆ. ಬಟ್ಟೆಯ ಜೊತೆಗೆ ನಾನು ಸೊಂಟಕ್ಕೆ ಉಟ್ಟಿದ್ದ ಮುಂಡೂ ಹೊರಟಿತು. ವಸಂತಿ ಎಳೆದಳು, ನನ್ನ ಮೊಣಕಾಲುಗಳು ಪುತ್ತೂರಿನ ಸಮಸ್ತ ಜನತೆಗೆ ದರ್ಶನ ಕೊಟ್ಟವು. ಥಟ್ಟನೆ ಕೂತೆ.

"ಎಂತ ಮಾಡಿದ್ದು ಮಾರಾಯ್ರೆ ನೀವು?"

ಎರಡು ಬಾತುಕೋಳಿಗಳನ್ನೂ ನನ್ನ ಮುಂಡಿಗೆ ಸೇರಿಸಿ ಹೊಲಿದಿದ್ದೆ. ಅರ್ಧ ಅಲ್ಲ, ಪೂರ್ತಿ. ಚಿಕ್ಕಮ್ಮ ಬಗ್ಗಿ ನೋಡಿ ಹಣೆ ಚಚ್ಚಿಕೊಂಡರು. "ಮೈಮೇಲಿದ್ದ ಬಟ್ಟೆಗೆ ಸೂಜಿ ಹಾಕ್ಲಿಕ್ಕಿಲ್ಲ! ಅದೊಂದು ಹೇಳ್ಲಿಕ್ಕೆ ಬಿಟ್ಟುಹೋಯ್ತು ನಂಗೆ."

"ಕತ್ತರಿ ಉಂಟಾ ಸಿಸ್ಟರ್?" ಎಂದಳು ವಸಂತಿ.

"ಉಂಟು. ಆದ್ರೆ ತೊಳೀದೆ ಕೊಡ್ಲಿಕ್ಕೆ ಆಗುದಿಲ್ಲ," ಎಂದ ನರ್ಸಮ್ಮ, ನಗು ತಡೆದುಕೊಳ್ಳಲು ಆಗದೆ, ಮಗುವನ್ನು ನನ್ನ ಮಡಿಲಲ್ಲಿ ಆ ಬಟ್ಟೆಯ ಮೇಲೆಯೇ ಇಟ್ಟರು. "ಹೇಗೂ ನೀವು ಎಲ್ಲಿಗೂ ಹೋಗುದಿಲ್ಲ ಅಲ್ವಾ ಅಜ್ಜ. ಕೂತ್ಕೊಳ್ಳಿ."

ಮೇಲೆ ಫ್ಯಾನು ಸ್ವಲ್ಪ ಓಲಾಡುತ್ತ ತಿರುಗುತ್ತಿತ್ತು. ಅದರ ಬೋಲ್ಟು ಬಿಗಿಯಿದೆಯೇ ಎಂದು ಯಾರಾದರೂ ಎದ್ದು ನೋಡುವುದು ಒಳ್ಳೆಯದಿತ್ತು. ಮಗು ಒಂದು ಕಣ್ಣು ಮಾತ್ರ ತೆರೆದು, ಹೊರಗೆ ಎಂತ ಉಂಟೆಂದು ನೋಡುವ ಹಾಗೆ, ನನ್ನನ್ನು ನೋಡಿತು. ನಾನು ಅಲುಗದೆ ಕೂತೆ.